ರಾಣಿಯ ವಿಳಾಸದೊಳಗೆ ಸಂಘಮಿತ್ರ

2006ನೇ ಇಸವಿ ಸೆಪ್ಟೆಂಬರ್ 11, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಬೆಟ್ಟದಪುರ ಠಾಣೆಗೆ ಬಂದ ದೂರನ್ನು ಸಬ್ ಇನ್‌ಸ್ಪೆಕ್ಟರ್ ಸೋಮಯ್ಯ ಮೊದಲು ಸಾಗಹಾಕಲು ನೋಡಿದ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಅದಕ್ಕೆ ಇಲಾಖೆ ಇದೆ, ಪೊಲೀಸರೇನು ಮಾಡಬೇಕು ಎಂಬುದು ಅವನ ವಾದ.

ದೂರುದಾರಳು ಹೊಸಕೊಪ್ಪಲಿನ ಸಂಘಮಿತ್ರ. ಮೂವತ್ತನಾಲ್ಕು ವರ್ಷ, ಪಿಯುಸಿ ಪಾಸು, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಕೂಲಿ. ಜೊತೆಗೆ ಬಂದಿದ್ದವನು ಅಪ್ಪ ಚಾಮಯ್ಯ. ಊರಿನ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಆಕೆ ಅರ್ಜಿ ಹಾಕಿದ್ದಳು. ಅಂಕಗಳ ಮೇಲೆ ಆಯ್ಕೆ, ಆಕೆಯ ಅಂಕವೇ ಹೆಚ್ಚು. ಆದರೂ ತಾತ್ಕಾಲಿಕ ಪಟ್ಟಿಯಲ್ಲಿ ಆಕೆಯ ಹೆಸರು ಕೆಳಗೂ ಇಲ್ಲ, ಮೇಲೂ ಇಲ್ಲ. ಇಲಾಖೆಯವರು ತಪಾಸಣೆ ವರದಿ ತೋರಿಸಿ ಕೈತೊಳೆದುಕೊಂಡಿದ್ದರು. ಕಂಪ್ಯೂಟರ್ ಕಡತವನ್ನು ಪ್ರೋಗ್ರಾಮ್ ಪರೀಕ್ಷಿಸಿದೆ, ದೋಷ ಸೊನ್ನೆ ಎಂದು ಬಂದಿದೆ, ಇನ್ನು ನಾವೇನು ಮಾಡೋಣ ಎಂದಿದ್ದರು. ಆಕ್ಷೇಪಣೆಗೆ ಶನಿವಾರ ಕೊನೆಯ ದಿನ. ಊರಿಗೆ ಇರುವುದು ಒಂದೇ ಹುದ್ದೆ, ಬಂದವರು ಅರವತ್ತಾಗುವವರೆಗೆ ಕದಲುವುದಿಲ್ಲ. ಅರ್ಜಿಗೆ ವಯಸ್ಸಿನ ಮಿತಿ ಮೂವತ್ತೈದು. ಈ ಸಲ ತಪ್ಪಿದರೆ ಆಕೆಗೆ ಜೀವನಪೂರ್ತಿ ಬ್ಯಾರನ್ ಹೊಗೆಯೇ ಗತಿ.

“ಕೈತಪ್ಪಾಗಿರಬಹುದಲ್ಲಮ್ಮ,” ಎಂದ ಸೋಮಯ್ಯ.

“ಅದೆಂಗಾಯ್ತದೆ ಸಾರ್? ಟೈಪ್ ಮಾಡಿದ್ದು ಇಲ್ಲೇ ವಸಂತಣ್ಣನ ಸೆಂಟರ್ನಲ್ಲಿ. ನಾನು ಅಲ್ಲೇ ಕೋರ್ಸ್ ಮಾಡಿದ್ದು. ಅವರೇ ಸ್ಕ್ರೀನ್ ತೋರ್ಸಿ, ನಿಂದೇ ಫಸ್ಟು ಕಣಮ್ಮ ಅಂದ್ರು. ನನ್ ಎಸ್ರು ನಾನೇ ಕಣ್ಣಾರೆ ನೋಡಿವ್ನಿ.”

ಇದ್ದದ್ದು ಇಲ್ಲವಾಗಿದೆ ಎಂದರೆ ಅದು ಪೊಲೀಸರ ಕೆಲಸವೇ. ಸೋಮಯ್ಯ ಫೋರ್ಜರಿ ಕಲಂಗಳಡಿ ಎಫ್‌ಐಆರ್ ದಾಖಲಿಸಿದ. ಯಾರೋ ದುಡ್ಡು ತಿಂದಿದ್ದಾರೆ ಎಂದು ಅವನ ಮನಸ್ಸು ಅಷ್ಟರಲ್ಲೇ ತೀರ್ಮಾನಿಸಿಬಿಟ್ಟಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಲಂಚವನ್ನು ಬೇಕಾದಷ್ಟು ಕಂಡಿದ್ದ, ಅದು ಅವನಿಗೆ ಹಳೆಯ ಹಲ್ಲುನೋವಿನ ಹಾಗೆ ಅಭ್ಯಾಸವಾಗಿತ್ತು.

ಮಧ್ಯಾಹ್ನ ಕಾನ್‌ಸ್ಟೆಬಲ್ ಚಿಕ್ಕಮಾದುವಿನ ಜೊತೆ ಕಂಪ್ಯೂಟರ್ ಸೆಂಟರಿಗೆ ಹೋದ. ವಸಂತ ಹೊಸಕೊಪ್ಪಲಿನವನೇ, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಮಾತಿಗೊಂದು ಸಾರ್. ತಾಲ್ಲೂಕಿನ ಅರ್ಜಿಗಳನ್ನೆಲ್ಲ ಟೈಪ್ ಮಾಡಿಕೊಡುವ ಗುತ್ತಿಗೆ ಅವನದು. ಕೆಲಸದ ಹುಡುಗಿಯರು ಏನೋ ಎಡವಟ್ಟು ಮಾಡಿರಬೇಕು, ಪಾಪ, ಸಂಘಮಿತ್ರ ಬಹಳ ಜಾಣೆ ಎಂದು ಅವನು ಮರುಗಿದ. ಆ ಮರುಗುವಿಕೆ ಎಷ್ಟು ನಯವಾಗಿತ್ತೆಂದರೆ ಸೋಮಯ್ಯನಿಗೆ ಅಂಗೈಗೆ ಎಣ್ಣೆ ಹತ್ತಿದಂತಾಯಿತು. ಪಂಚರ ಸಮಕ್ಷಮದಲ್ಲಿ ಪಂಚನಾಮೆ ನಡೆಸಿ, ಒಂದು ಕಂಪ್ಯೂಟರು, ಎರಡು ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿದ.

ಬುಧವಾರ ಮೈಸೂರಿನಿಂದ ಕಾವ್ಯಶ್ರೀ ಬಂದಳು. ಕಂಪ್ಯೂಟರ್ ಪರಿಣತೆ. ಮೊಹರು ಒಡೆಸಿ, ಕಡತ ತೆರೆದು, ಅರ್ಧ ಗಂಟೆ ಸಾಲು ಸಾಲಾಗಿ ಓದಿದಳು. ಆಮೇಲೆ ಸೋಮಯ್ಯನನ್ನು ಕರೆದು ಬೆರಳಿಟ್ಟು ತೋರಿಸಿದಳು.

ಸಂಘಮಿತ್ರಳ ಸಾಲು ಅಲ್ಲೇ ಇತ್ತು. ಹೆಸರು, ಊರು, ಅಂಕ, ಎಲ್ಲ ಇತ್ತು. ಸೋಮಯ್ಯ ಕಣ್ಣುಜ್ಜಿಕೊಂಡ. ಹಾಗಾದರೆ ಪಟ್ಟಿಯಲ್ಲಿ ಯಾಕಿಲ್ಲ?

ಕಾವ್ಯಶ್ರೀ ವಿವರಿಸಿದಳು. ಒಬ್ಬ ಅರ್ಜಿದಾರಳಿಗೆ ಒಂದು ಸಾಲು. ಪ್ರತಿ ವಿವರದ ಹಿಂದೆ ಮುಂದೆ ಉದ್ಧರಣ ಚಿಹ್ನೆ. ತೆರೆದದ್ದನ್ನು ಮುಚ್ಚಲೇಬೇಕು, ಮುಚ್ಚುವವರೆಗೆ ಸಿಕ್ಕಿದ್ದನ್ನೆಲ್ಲ ಯಂತ್ರ ಒಂದೇ ವಿವರವೆಂದು ಓದುತ್ತದೆ. ಮೇಲಿನ ಸಾಲು ಅದೇ ಊರಿನ ರಾಣಿಯದು, ಕೊನೆಯ ವಿವರ ವಿಳಾಸ. ಆ ವಿಳಾಸದ ಕೊನೆಯ ಚಿಹ್ನೆಯನ್ನು ಅಳಿಸಿ, ಸಂಘಮಿತ್ರಳ ಸಾಲಿನ ತುದಿಯಲ್ಲಿ ಮುಚ್ಚಲಾಗಿದೆ. ಯಂತ್ರದ ಮಟ್ಟಿಗೆ ಸಂಘಮಿತ್ರ ಎಂಬ ಅರ್ಜಿದಾರಳೇ ಇಲ್ಲ, ಆಕೆ ರಾಣಿಯ ವಿಳಾಸದ ಬಾಲ. ತೆರೆದದ್ದು ಮುಚ್ಚಿದೆ, ಸಾಲುಗಳ ಎಣಿಕೆಯೂ ಅರ್ಜಿಗಳ ಎಣಿಕೆಗೆ ತಾಳೆಯಾಗುತ್ತದೆ. ತಪಾಸಣೆ ಪ್ರೋಗ್ರಾಮ್ ನೋಡುವುದು ಅಷ್ಟನ್ನೇ.

“ಬೆರಳು ಜಾರಿ ಆಗಿರಬಹುದಾ?”

“ಒಂದು ಚಿಹ್ನೆ ಜಾರಿದರೆ ಪ್ರೋಗ್ರಾಮ್ ತಕ್ಷಣ ತಪ್ಪು ತೋರಿಸುತ್ತೆ ಸಾರ್. ತೋರಿಸಬಾರದು ಅಂತಾನೇ ಈಕೆಯ ಸಾಲಿನ ಕೊನೆಯದೊಂದನ್ನು ಬಿಟ್ಟು ಉಳಿದ ಚಿಹ್ನೆಗಳನ್ನೆಲ್ಲ ಒಂದೊಂದಾಗಿ ಕಿತ್ತಿದ್ದಾರೆ. ಪ್ರೋಗ್ರಾಮ್ ಏನು ನೋಡುತ್ತೆ, ಏನು ನೋಡಲ್ಲ ಅಂತ ಗೊತ್ತಿದ್ದವರ ಕೆಲಸ.”

ಒಂದು ಫ್ಲಾಪಿಯಲ್ಲಿ ಹಿಂದಿನ ಪ್ರತಿ ಸಿಕ್ಕಿತು, ಅದರಲ್ಲಿ ಎರಡೂ ಸಾಲು ನೆಟ್ಟಗಿದ್ದವು. ಬದಲಾದ ಪ್ರತಿಯ ದಿನಾಂಕ ಆಗಸ್ಟ್ 20. ಅಂದು ಭಾನುವಾರ, ಸೆಂಟರಿಗೆ ರಜೆ. ಬೀಗದ ಕೈ ವಸಂತನೊಬ್ಬನ ಹತ್ತಿರ ಇರುತ್ತದೆಂದು ಕೆಲಸದ ಹುಡುಗಿಯರಿಬ್ಬರೂ ಹೇಳಿಕೆ ಕೊಟ್ಟರು. ಕಾವ್ಯಶ್ರೀ ತನ್ನ ವರದಿಯನ್ನು ಅಂದೇ ಇಲಾಖೆಗೂ ಕಳಿಸಿದಳು.

ಯಾರು ಎಂಬುದು ಗೊತ್ತಾಯಿತು. ಎಷ್ಟಕ್ಕೆ ಎಂಬುದು ಉಳಿಯಿತು. ಸಂಘಮಿತ್ರ ಮಾಯವಾದ ಮೇಲೆ ಪಟ್ಟಿಯ ತಲೆಗೆ ಬಂದವಳು ರಾಣಿ. ಗುರುವಾರ ಅವಳ ಅಪ್ಪ ಸಣ್ಣಬೀರಯ್ಯನನ್ನು ಕರೆಸಿದರು.

“ವಸಂತಂಗೆ ಎಷ್ಟು ಕೊಟ್ಟೆ?”

“ಒಂದ್ ಕಾಸೂ ಕೊಟ್ಟಿಲ್ಲ ಕಣ್ರೀ. ನಮ್ ಮಗೀಗೆ ಕೆಲ್ಸ ಸಿಗಲ್ಲ ಅಂತ್ಲೇ ಇದ್ವಿ. ಪಟ್ಟೀಲಿ ಎಸ್ರು ನೋಡಿ ನಮಗೇ ದಿಗ್ಲಾಯ್ತು.”

ವಸಂತನ ಬ್ಯಾಂಕ್ ಪಾಸ್‌ಬುಕ್ ತರಿಸಿದರು, ಸಾಲ ಇದೆಯೇ ಎಂದು ವಿಚಾರಿಸಿದರು, ರಾಣಿಗೂ ಅವನಿಗೂ ಏನಾದರೂ ಉಂಟೇ ಎಂದು ಊರಿನಲ್ಲಿ ಕೆದಕಿದರು. ಏನೂ ಇಲ್ಲ. ಸೋಮಯ್ಯನಿಗೆ ಇರುಸುಮುರುಸಾಯಿತು. ದುಡ್ಡಿಲ್ಲದೆ ಇಷ್ಟು ಶ್ರದ್ಧೆಯಿಂದ ಯಾರಾದರೂ ಇನ್ನೊಬ್ಬರ ಅನ್ನ ಕಸಿಯುತ್ತಾರೆಯೇ?

ಶುಕ್ರವಾರ ಬೆಳಿಗ್ಗೆ, ಕೇಸಿನ ಕಡತಕ್ಕೆ ಸ್ಥಳದ ವಿವರವೊಂದು ಇರಲಿ ಎಂದು, ಅಂಗನವಾಡಿ ನೋಡಲು ಹೋದ. ಅದು ಬಾಡಿಗೆ ಕೊಠಡಿಯಲ್ಲಿ ನಡೆಯುತ್ತಿತ್ತು. ಕೊಠಡಿ ವಸಂತನ ಮನೆಯದೇ, ಅಂಗಳಕ್ಕೆ ತಾಗಿಕೊಂಡದ್ದು. ಮಕ್ಕಳ ಅಡಿಗೆಗೆ ನೀರು ಹಿಡಿಯುವ ನಲ್ಲಿ ಅಂಗಳದ ನಡುವೆ. ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದ ವಸಂತನ ತಾಯಿ ತಿಮ್ಮಮ್ಮ ಸೋಮಯ್ಯನಿಗೆ ಚಾಪೆ ಹಾಸಿದಳು. ಮಗನ ಮೇಲಿನ ದೂರನ್ನು ಊರಿನವರು ಯಾರೂ ಅವಳ ಕಿವಿಗೆ ಹಾಕಿರಲಿಲ್ಲ. ಸಂಘಮಿತ್ರಳ ಬಗ್ಗೆ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದಳು.

“ಅವ್ಳು ಒಳ್ಳೆ ಮಗಾನೇ ಕಣಪ್ಪ, ಇಲ್ಲ ಅನ್ನಾಕಿಲ್ಲ. ಆದ್ರೆ ಕೇರಿಯವ್ಳು. ದಿನಾ ಬಂದು ನಮ್ ನಲ್ಲಿ ಮುಟ್ಟುದ್ರೆ ನಾವೆಂಗೆ ನೀರು ಕುಡಿಯಾದು? ಅಂಗಂತ ಬಾಡ್ಗೆ ಬುಡಕಾಯ್ತದಾ? ಮಗಂಗೆ ಹೇಳ್ದೆ, ಅವ್ನು ನೋಡ್ಕತೀನಿ ಬುಡು ಅಂದ.”

ಹೇಳಿ ಅವಳು ಮತ್ತೆ ಕಾಳಿಗೆ ಕೈಹಾಕಿದಳು, ಹವಾಮಾನದ ವಿಷಯ ಹೇಳಿದಂತೆ. ಸೋಮಯ್ಯನಿಗೆ ಇದಕ್ಕಿಂತ ಲಂಚವೇ ವಾಸಿಯಿತ್ತು, ಎಂಜಲು ನೋಟಾದರೂ ಕೈಗೆ ಸಿಗುತ್ತಿತ್ತು ಎನಿಸಿತು. ಚಾಪೆಯ ಮೇಲೆ ಕೂರದೆ ಹೊರಟ.

ಮಧ್ಯಾಹ್ನ ಎರಡೂವರೆಗೆ ವಸಂತನನ್ನು ಸೆಂಟರಿನಲ್ಲೇ ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಅವನು ಹೆಚ್ಚು ಸತಾಯಿಸಲಿಲ್ಲ.

“ನಮ್ಮ ಅಂಗಳಕ್ಕೆ ಬೇಡ ಅಂತ ನೇರವಾಗಿ ಅನ್ನಬಹುದಿತ್ತಲ್ಲ?” ಎಂದ ಸೋಮಯ್ಯ.

“ಬಾಯಲ್ಲಿ ಅಂದ್ರೆ ಅಟ್ರಾಸಿಟಿ ಕೇಸಾಗುತ್ತಲ್ಲ ಸಾರ್.”

“ಅವಳ ಹತ್ತಿರ ಫೀಸು ಇಸ್ಕೊಂಡೆ. ನಿನ್ನ ಕೀಬೋರ್ಡು ಮುಟ್ಟಿಸಿದೆ.”

“ಅದು ಬಿಸಿನೆಸ್ಸು ಸಾರ್. ಅವಳ ಮೇಲೆ ನಂಗೇನೂ ದ್ವೇಷ ಇಲ್ಲ. ಮೈಸೂರಲ್ಲಿ ಕೆಲಸ ಸಿಕ್ಕಿದ್ರೆ ನಾನೇ ಸ್ವೀಟು ಹಂಚ್ತಿದ್ದೆ.”

ಅಷ್ಟರಲ್ಲಿ ಕಾವ್ಯಶ್ರೀ ಫೋನ್ ಮಾಡಿದಳು. ಇಲಾಖೆ ಕಡತ ತಿದ್ದಿದೆ, ಸಂಘಮಿತ್ರಳ ಹೆಸರು ಮೊದಲು, ಸೋಮವಾರ ಹೊಸ ಪಟ್ಟಿ ಅಂಟಿಸುತ್ತಾರೆ. ಠಾಣೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದ ಆಕೆಗೆ ಸೋಮಯ್ಯ ತಾನೇ ಹೋಗಿ ಹೇಳಿದ. ಆಕೆ ನಗಲಿಲ್ಲ. ನಲ್ಲಿಯ ವಿಷಯ ಆಕೆಗೂ ತಿಳಿದಿತ್ತು.

“ಎಲ್ಲಿ ಅಡಿಗೆ ಮಾಡ್ಲಿ ಸಾರ್?” ಎಂದಳು.

ದೌರ್ಜನ್ಯ ತಡೆ ಕಾಯಿದೆಯ ಕಲಂ ಸೇರಿಸಿದರೆ ಮುಂದಿನ ತನಿಖೆ ಹುಣಸೂರಿನ ಡಿವೈಎಸ್‌ಪಿಯವರದು. ಸೋಮಯ್ಯ ಸೇರಿಸಿದ. ಕಡತ ಕಳಿಸುವ ಮುನ್ನ ಆರೋಪಿಯ ಹೇಳಿಕೆ ಮುಗಿಸಬೇಕಿತ್ತು. ಬರೆಸುತ್ತಿರುವಾಗ ವಸಂತ ಬಾಯಾರಿಕೆ ಎಂದ. ಚಿಕ್ಕಮಾದು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದುಕೊಟ್ಟ. ಚಿಕ್ಕಮಾದುವೂ ಕೇರಿಯವನೇ ಎಂಬುದು ವಸಂತನಿಗೆ ಚೆನ್ನಾಗಿ ಗೊತ್ತಿತ್ತು, ಅವನ ಮಗನೂ ಅದೇ ಸೆಂಟರಿನಲ್ಲಿ ಕಲಿತವನು. ವಸಂತ ಗಟಗಟನೆ ಕುಡಿದು, ಲೋಟ ಮುಂದೆ ಚಾಚಿ, ಇನ್ನೊಂದು ಲೋಟ ಕೇಳಿದ.

ಸೋಮಯ್ಯ ಪೆನ್ನು ಕೆಳಗಿಟ್ಟ.

“ಈ ನೀರು ಆಗುತ್ತಾ ನಿನಗೆ?”

ಅವನು ಯಾಕೆ ಕೇಳುತ್ತಿದ್ದಾನೆಂದು ವಸಂತನಿಗೆ ನಿಜಕ್ಕೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ತುಟಿ ಒರೆಸಿಕೊಂಡು, ಎಂದಿನ ವಿನಯದಿಂದಲೇ ಹೇಳಿದ.

“ಇದು ಸ್ಟೇಷನ್ ಅಲ್ವಾ ಸಾರ್. ಮನೆ ಅಲ್ವಲ್ಲ.”