ಮಿಲಾನ್ ತಪ್ಪಿಸಿದ ದಾರಿ

ಬಾಗಿಲು ತೆರೆದ ಸದ್ದಿಗೆ ನೂನ್ಸಿಯಾ ತಲೆಯೆತ್ತಿದಳು. ಎದುರಿಗೆ ವೀತೊ ನಿಂತಿದ್ದ.

ಎರಡು ವರ್ಷಗಳ ನಂತರ ಅದೇ ಮುಖ... ಕೆನ್ನೆ ಇಳಿದುಹೋಗಿದೆ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ.

"ಒಂದು ಪ್ರವಾಸ ಗೊತ್ತುಮಾಡಬೇಕಿತ್ತು," ಎಂದ ಅವನು. ಕಣ್ಣು ಅವಳ ಮುಖದ ಮೇಲೆ ನಿಲ್ಲದೆ ಗೋಡೆಯ ಮೇಲಿದ್ದ ಭೂಪಟದ ಕಡೆ ಹೋಯಿತು. "ಇಟಲಿ ಒಳಗೇನೇ. ವೆನಿಸ್, ಗಾರ್ದಾ ಸರೋವರ, ಲಿಗೂರಿಯಾದ ಕಡಲು, ಟಸ್ಕನಿ, ಕೊನೆಗೆ ನೇಪಲ್ಸ್. ಮೇ ತಿಂಗಳಲ್ಲಿ. ಇಬ್ಬರಿಗೆ."

ಇಬ್ಬರಿಗೆ.

ಆ ಪದ ಅವಳ ಎದೆಯೊಳಗೆ ಎಲ್ಲೋ ಇಳಿದು ಅಲ್ಲೇ ಕೂತುಬಿಟ್ಟಿತು. ಹಾಗಾದರೆ ಹೆಂಡತಿಯನ್ನು ಸುತ್ತಾಡಿಸಲು ಬಂದಿದ್ದಾನೆ. ಗ್ರಾವಿನಾ ಊರಿನಲ್ಲಿ ಪ್ರವಾಸದ ಅಂಗಡಿ ಇದೊಂದೇ ಅಲ್ಲ. ಆದರೂ ಇಲ್ಲಿಗೇ ಬರಬೇಕೆಂದು ಇವನಿಗೇಕೆ ಅನ್ನಿಸಿತು?

"ಕೂತ್ಕೊಳ್ಳಿ," ಎಂದಳು.

ಒಂದು ಕಾಲದಲ್ಲಿ 'ನೀನು' ಎನ್ನುತ್ತಿದ್ದ ಬಾಯಿ ಇಂದು 'ನೀವು' ದಾರಿ ಹಿಡಿದದ್ದು ಅವನಿಗೂ ತಿಳಿಯಿತು. ಸುಮ್ಮನೆ ಕುರ್ಚಿ ಎಳೆದುಕೊಂಡ.

ಒಳಗಿನ ಮೇಜಿನಲ್ಲಿ ಟಿಕೆಟ್‌ಗಳನ್ನು ಲಕೋಟೆಗೆ ಹಾಕುತ್ತಿದ್ದ ಸೋದರತ್ತೆ ಫಿಲೊಮೆನಾ ಕನ್ನಡಕದ ಮೇಲಿನಿಂದ ನೋಡಿದಳು. ಅಂಗಡಿ ಅವಳದು, ನೂನ್ಸಿಯಾಳನ್ನು ಸಾಕಿದವಳೂ ಅವಳೇ.

"ಯಾರಪ್ಪಾ ಇದು? ದಾರಿ ತಪ್ಪಿ ಬಂದ ಹಾಗಿದೆ."

"ನಮಸ್ಕಾರ, ಸಿನ್ಯೋರಾ."

"ಓ, ಈಗ ದೂರದವರ ಹಾಗೆ ಸಿನ್ಯೋರಾ. ನನ್ನ ಅಡುಗೆಮನೆಯಲ್ಲಿ ಬಾಣಲೆ ತಳ ಕೆರೆದು ತಿನ್ನೋವಾಗ ಅತ್ತೆ ಆಗಿದ್ದೆ."

ವೀತೊ ತಲೆ ತಗ್ಗಿಸಿದ. ನೂನ್ಸಿಯಾ ಕಂಪ್ಯೂಟರಿನ ಕಡೆ ತಿರುಗಿದಳು. ಕೆಲಸ... ಇದು ಬರೀ ಕೆಲಸ. ದಿನಕ್ಕೆ ಎಷ್ಟು ಜನ ಬರುವುದಿಲ್ಲ?

ಆದರೆ ಎರಡು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ ಆ ದನಿ ಮನಸ್ಸಿನಿಂದ ಹೋಗಿರಲಿಲ್ಲ. "ನಾನು ಉತ್ತರಕ್ಕೆ ಹೋಗ್ತಿದ್ದೀನಿ. ನನಗೋಸ್ಕರ ಕಾಯಬೇಡ, ನೂನ್ಸಿಯಾ." ಕಾರಣ ಹೇಳಲಿಲ್ಲ. ಅವಳೂ ಅಹಂಕಾರದಿಂದ ಕೇಳಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಅತ್ತೆ ಬಸ್ಸಿನಲ್ಲಿ ಅವನ ಊರು ಇರ್ಸಿನಾ ಹಾದು ಬರುವಾಗ ಚರ್ಚಿನ ಮೆಟ್ಟಿಲು ನೋಡಿದ್ದಳು. ಸಕ್ಕರೆ ಲೇಪಿಸಿದ ಬಾದಾಮಿ ಬೆಳ್ಳಗೆ ಚೆಲ್ಲಿತ್ತಂತೆ. ಒಳ್ಳೇ ಬಟ್ಟೆ ಹಾಕಿದ ಜನ. ನಡುವೆ ಕಪ್ಪು ಸೂಟಿನ ವೀತೊ, ಹೆಗಲ ಮೇಲೂ ಎರಡು ಬಾದಾಮಿ. ಮದುಮಕ್ಕಳ ಮೇಲೆ ಎರಚುವುದಲ್ಲದೆ ಬಿಳಿ ಬಾದಾಮಿ ಇನ್ಯಾವುದಕ್ಕೆ?

ಆ ದಿನ ನೂನ್ಸಿಯಾ ಊಟ ಮಾಡಲಿಲ್ಲ. ಮರುದಿನ ಅಂಗಡಿಗೆ ಬಂದು ಒಂದು ಜೋಡಿಗೆ ಮಧುಚಂದ್ರದ ಟಿಕೆಟ್ ಮಾಡಿಕೊಟ್ಟಳು.

"ರೈಲೋ, ಕಾರೋ?" ಎಂದು ಕೇಳಿದಳು.

"ರೈಲು. ಕಾರಲ್ಲಿ ಜಾಸ್ತಿ ಹೊತ್ತು ಕೂರೋಕಾಗಲ್ಲ. ರೂಮು ಮೆಟ್ಟಿಲು ಹತ್ತೋ ಹಾಗಿರಬಾರದು."

ಅತ್ತೆಯ ಕೈ ಲಕೋಟೆಯ ಮೇಲೆ ನಿಂತಿತು. "ಮೆಟ್ಟಿಲು ಹತ್ತಬಾರದಾ? ಹಾಗಾದ್ರೆ ಸಿಹಿ ಸುದ್ದಿ ಇದೆ ಅನ್ನು."

ವೀತೊಗೆ ಅರ್ಥವಾದಂತೆ ಕಾಣಲಿಲ್ಲ. ನೂನ್ಸಿಯಾಳಿಗೆ ಮಾತ್ರ ಅರ್ಥವಾಯಿತು. ಮಗು... ಅವನಿಗೆ ಮಗು ಆಗುತ್ತಿದೆ. ಒಂದು ಸಲ ಬೇಲಿಯ ಬಳಿ ಕೂತು ಅವರಿಬ್ಬರೂ ಹುಟ್ಟದ ಮಗುವಿಗೆ ಹೆಸರು ಹುಡುಕಿ ಜಗಳವಾಡಿದ್ದರು.

"ವೆನಿಸ್‌ನಲ್ಲಿ ಸೇತುವೆಗಳಿಗೆಲ್ಲ ಮೆಟ್ಟಿಲೇ," ಎಂದಳು, ದನಿ ಅಲುಗದಂತೆ. "ನಿಲ್ದಾಣದ ಹತ್ತಿರವೇ ರೂಮ್ ಹಾಕ್ತೀನಿ. ಅಲ್ಲಿಂದ ದೋಣಿ ಹತ್ತಿದ್ರೆ ಸಾಕು. ಟಸ್ಕನಿಯಲ್ಲಿ ಸಿಯೆನಾ ಬೇಡ, ಪೂರಾ ಏರು. ಲೂಕ್ಕಾ ಸಮತಟ್ಟು. ಆದ್ರೆ ಅಲ್ಲಿ ಬ್ರೆಡ್ಡಿಗೆ ಉಪ್ಪು ಹಾಕಲ್ಲ. ಮೊದಲೇ ಹೇಳಿ ಕರ್ಕೊಂಡು ಹೋಗಿ."

"ಗೊತ್ತು. ಬ್ಯಾಗಲ್ಲಿ ನಮ್ಮ ಬ್ರೆಡ್ಡು ಇದ್ದೇ ಇರುತ್ತೆ. ಅದಿಲ್ದೆ ಮನೆ ಬಿಟ್ಟು ಹೊರಡೋ ಜೀವ ಅಲ್ಲ."

ಹೇಳುವಾಗ ಅವನ ತುಟಿಯಂಚಿನಲ್ಲಿ ಸಣ್ಣದೊಂದು ನಗು ಬಂದು ಹೋಯಿತು. ಯಾರ ಮೇಲೆ ಅಷ್ಟು ಅಕ್ಕರೆ? ನೋಡಲಾಗದೆ ನೂನ್ಸಿಯಾ ಪರದೆಯನ್ನೇ ದಿಟ್ಟಿಸಿದಳು.

"ಸರೋವರದಿಂದ ಲಿಗೂರಿಯಾಕ್ಕೆ ಹೋಗೋಕೆ ಮಿಲಾನ್‌ನಲ್ಲಿ ಇಳಿದು ರೈಲು ಬದಲಾಯಿಸಬೇಕು. ಸುಲಭದ ದಾರಿ."

"ಮಿಲಾನ್ ಬೇಡ."

"ಇಳಿದು ಹತ್ತೋದು ಅಷ್ಟೇ. ನಿಲ್ದಾಣದಿಂದ ಆಚೆ ಹೋಗೋದೇ ಇಲ್ಲ."

"ಬೇಡ ಅಂದ್ನಲ್ಲ." ದನಿ ಒರಟಾಯಿತು. ತಕ್ಷಣ ತಗ್ಗಿತು. "ಎಷ್ಟು ಸುತ್ತಾದ್ರೂ ಪರವಾಗಿಲ್ಲ. ಆ ಊರಿನ ಹೆಸರು ಕಿಟಕಿಯಿಂದಲೂ ಕಾಣಬಾರದು."

ಇಷ್ಟು ಹೊತ್ತು ಕಟ್ಟಿಕೊಂಡಿದ್ದ ತಾಳ್ಮೆ ಅಲ್ಲಿ ಹರಿಯಿತು.

"ಯಾಕೆ, ಹೆಂಡತಿ ತವರಾ ಅದು? ಅತ್ತೆ ಮಾವನಿಗೆ ಹೆದರ್ತೀರಾ?"

ವೀತೊ ಅವಳನ್ನೇ ನೋಡಿದ. ಬಂದಾಗಿನಿಂದ ಮೊದಲ ಬಾರಿಗೆ ನೆಟ್ಟಗೆ ನೋಡಿದ.

"ಯಾರ ಹೆಂಡತಿ?"

"ನಿಮ್ಮ ಹೆಂಡತಿ. ಪ್ರವಾಸ ಯಾರಿಗೆ ಮತ್ತೆ?"

"ನನಗೆ, ಅಮ್ಮನಿಗೆ," ಎಂದ ಅವನು ನಿಧಾನವಾಗಿ. "ಅಮ್ಮನ ಮೊಣಕಾಲು ಹೋಗಿದೆ. ನನಗೆ ಮದುವೆ ಆಗಿದೆ ಅಂತ ಯಾರು ಹೇಳಿದ್ರು?"

ಅತ್ತೆ ಲಕೋಟೆ ಕೆಳಗಿಟ್ಟು ಎದ್ದು ಬಂದಳು.

"ನಾನು ಹೇಳಿದ್ದು ಕಣಪ್ಪಾ. ಬಸ್ಸಿಂದ ಕಣ್ಣಾರೆ ನೋಡಿದೆ. ಚರ್ಚಿನ ಮೆಟ್ಟಿಲ ಮೇಲೆ ಬಿಳಿ ಬಾದಾಮಿ..."

ವೀತೊನ ಮುಖದ ಬಣ್ಣ ಇಳಿಯಿತು.

"ಅದು ಇಲಾರಿಯಾಗೆ," ಎಂದ.

ಇಲಾರಿಯಾ, ಅವನ ತಂಗಿ. ನೂನ್ಸಿಯಾಳ ಕಿವಿಯೋಲೆಗಳನ್ನು ಕೇಳದೆಯೇ ಹಾಕಿಕೊಂಡು ಓಡುತ್ತಿದ್ದ ಹುಡುಗಿ.

"ಮದುವೆ ಆಗದ ಹುಡುಗಿ ತೀರಿಕೊಂಡ್ರೆ ನಮ್ಮೂರಲ್ಲಿ ಬಿಳಿ ಪೆಟ್ಟಿಗೆ. ಚರ್ಚಿಂದ ಹೊರಗೆ ತರೋವಾಗ ಅವಳ ಮೇಲೆ ಬಾದಾಮಿ ಎರಚ್ತಾರೆ. ಆಗದೇ ಹೋದ ಮದುವೆಗೆ. ಅಮ್ಮನೇ ಎರಚಿದ್ಲು, ಕೈತುಂಬ ತುಂಬಿಕೊಂಡು. ನಿಮ್ಮ ಬಸ್ಸು ಬರೋ ಹೊತ್ತಿಗೆ ಪೆಟ್ಟಿಗೆ ಗಾಡಿಗೆ ಏರಿಸಿದ್ವಿ ಅನ್ಸುತ್ತೆ."

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾನು ಸಣ್ಣವಳಿದ್ದಾಗ ಇಲ್ಲೂ ಹಾಗೇ ಮಾಡ್ತಿದ್ರು. ಗೊತ್ತಿದ್ದೂ ಹೊಳೀಲಿಲ್ಲ ನೋಡು. ಬಾದಾಮಿ ಕಂಡ ಕೂಡಲೇ ಮದುವೆ ಅಂದ್ಕೊಂಡೆ. ಅಯ್ಯೋ ಮಗಾ..." ಅವಳು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಕೋಣೆಗೆ ಹೋದಳು. ಕಾಫಿ ಇಡುವ ಸದ್ದು ಕೇಳಿಸಿತು.

ನೂನ್ಸಿಯಾಳ ಕೈ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಆ ಹುಡುಗಿ ಮಣ್ಣಿಗೆ ಹೋದ ದಿನ ನಾನು ನನ್ನ ಪ್ರೀತಿಗೆ ಅಳುತ್ತಾ ಕೂತಿದ್ದೆ... ಬಸ್ಸಿನಲ್ಲಿ ಒಂದು ಗಂಟೆಯೂ ಆಗದ ದಾರಿ.

"ಉತ್ತರಕ್ಕೆ ಹೋಗಿದ್ದು..." ಎಂದಳು.

"ಇಲಾರಿಯಾಗೆ ಮಿಲಾನ್‌ನಲ್ಲಿ ಆಸ್ಪತ್ರೆ. ಇಲ್ಲಿ ಆಗಲ್ಲ ಅಂದ್ರು. ಅಮ್ಮನಿಗೆ ಮೊದಲು ಪೂರ್ತಿ ಹೇಳಿರಲಿಲ್ಲ, ನಿನಗೂ ಹೇಳಲಿಲ್ಲ." ಅವನು ಭೂಪಟದತ್ತ ಕೈ ತೋರಿಸಿದ. "ಅಲ್ಲಿನ ನರ್ಸುಗಳು ಒಬ್ಬೊಬ್ಬರೂ ಒಂದೊಂದು ಕಡೆಯವರು. ಒಬ್ಬಳು ವೆನಿಸ್ ಹತ್ತಿರದವಳು, ಒಬ್ಬಳು ಗಾರ್ದಾ, ಒಬ್ಬಳು ಲಿಗೂರಿಯಾ. ಎಲ್ಲರೂ ನಮ್ಮೂರೇ ಚೆಂದ, ನಮ್ಮ ಕಡಲೇ ಚೆಂದ ಅಂತ ಜಗಳ ಆಡೋರು. ಇಲಾರಿಯಾ ಮಲಗಿಕೊಂಡೇ ತೀರ್ಪು ಕೊಡೋಳು. ವಾಸಿ ಆದ ಮೇಲೆ ಊರಿಗೆ ನೆಟ್ಟಗೆ ಹೋಗಲ್ಲ, ಎಲ್ಲ ನೋಡ್ಕೊಂಡೇ ಹೋಗೋದು ಅಂತಿದ್ಲು." ಅವನು ಕೈ ಇಳಿಸಿದ. "ನೆಟ್ಟಗೇ ಕರ್ಕೊಂಡು ಬಂದ್ವಿ."

ನೂನ್ಸಿಯಾ ಅಳುತ್ತಿದ್ದಳು. ಒರೆಸಿಕೊಳ್ಳಲೂ ಇಲ್ಲ.

"ನನಗೆ ಯಾಕೆ ಹೇಳ್ಲಿಲ್ಲ, ವೀತೊ?"

"ಹೇಳಿದ್ರೆ ನೀನು ಎಲ್ಲ ಬಿಟ್ಟು ಬರ್ತಿದ್ದೆ."

"ಬರ್ತಿದ್ದೆ. ಅವಳ ತಲೆ ಬಾಚ್ತಿದ್ದೆ, ನಿನ್ನ ಬಟ್ಟೆ ಒಗೀತಿದ್ದೆ. ಅದು ನನಗೆ ಭಾರ ಅಂತ ನೀನು ಹೇಗೆ ತೀರ್ಮಾನ ಮಾಡ್ದೆ?"

"ಅವಳೂ ಇದನ್ನೇ ಹೇಳೋಳು. ಹೇಡಿ ಅಂತ ಕರೆಯೋಳು ನನ್ನ. ಕೊನೆಗೆ ಮಾತು ಆಡೋಕೆ ಕಷ್ಟ ಆದಾಗಲೂ ಆ ಒಂದು ಪದ ಬಿಡಲಿಲ್ಲ." ಅವನ ದನಿ ಒಡೆಯಿತು. "ಅಂತ್ಯಕ್ರಿಯೆ ದಿನ ಸುದ್ದಿ ನಿನಗೂ ಮುಟ್ಟಿರುತ್ತೆ, ನೀನು ಬರ್ತೀಯ ಅಂತ ಬಾಗಿಲ ಕಡೇನೇ ನೋಡ್ತಿದ್ದೆ. ಬರಲಿಲ್ಲ. ಇನ್ನು ನನ್ನ ಮುಖ ನೋಡಲ್ಲ ಅಂದ್ಕೊಂಡೆ. ಅಮ್ಮನೇ ಇವತ್ತು ದಬ್ಬಿ ಕಳಿಸಿದ್ಲು. ಆ ಹುಡುಗಿ ಹತ್ರನೇ ದಾರಿ ಹಾಕಿಸ್ಕೊಂಡು ಬಾ ಅಂತ."

ಅವಳು ಕೀಲಿಮಣೆ ಹತ್ತಿರ ಎಳೆದುಕೊಂಡಳು. ಕಣ್ಣೀರಿನಲ್ಲಿ ಅಕ್ಷರಗಳು ಕಲಸಿಹೋಗುತ್ತಿದ್ದವು, ಆದರೂ ಹುಡುಕಿದಳು.

"ಪಾರ್ಮಾದಿಂದ ಬೆಟ್ಟ ದಾಟಿ ಕಡಲಿಗೆ ಇಳಿಯೋ ರೈಲು ಇದೆ. ನಿಧಾನ. ಸಣ್ಣ ಸಣ್ಣ ಊರಲ್ಲೆಲ್ಲ ನಿಲ್ಲುತ್ತೆ. ಮಿಲಾನ್ ಹತ್ರವೂ ಹೋಗಲ್ಲ."

"ಅದೇ ಹಾಕು."

ಅತ್ತೆ ಎರಡು ಲೋಟ ಕಾಫಿ ತಂದಿಟ್ಟು, ವೀತೊನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದಳು. ಮಧ್ಯಾಹ್ನಕ್ಕೆ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಬೀದಿಯಲ್ಲಿ ಒಂದೊಂದೇ ಶಟರ್ ಇಳಿಯುತ್ತಿತ್ತು.

ನೂನ್ಸಿಯಾ ಎದ್ದು ಕೋಟು ತೆಗೆದುಕೊಂಡಳು.

"ಕಾರು ತಂದಿದ್ದೀಯಾ?"

"ಚೌಕದಲ್ಲಿ ನಿಲ್ಲಿಸಿದ್ದೀನಿ."

"ನನ್ನನ್ನ ಕರ್ಕೊಂಡು ಹೋಗು. ಮೊದಲು ಇಲಾರಿಯಾ ಹತ್ರ. ಆಮೇಲೆ ನಿಮ್ಮಮ್ಮನ ಹತ್ರ."

"ಅಮ್ಮ ಬೈತಾಳೆ, ಇಷ್ಟು ದಿನ ಎಲ್ಲಿದ್ದೆ ಅಂತ."

"ಬೈಯಲಿ."

"ಬೈದು ಊಟಕ್ಕೂ ಕೂರಿಸ್ತಾಳೆ."

"ಕೂರ್ತೀನಿ."

ಬಾಗಿಲ ಬಳಿ ಅವನು ನಿಂತ. ಅವಳ ಕೈಯನ್ನು ಮುಟ್ಟಲೋ ಬೇಡವೋ ಎಂಬಂತೆ ಬೆರಳ ತುದಿಯಿಂದ ಮುಟ್ಟಿದ. ಅವಳು ಎಳೆದುಕೊಳ್ಳಲಿಲ್ಲ.

"ನೂನ್ಸಿಯಾ... ನಾನು ಒಂದು ದಿನಕ್ಕೂ ನಿನ್ನನ್ನ..."

"ಇಲ್ಲಿ ಬೇಡ," ಎಂದಳು ಮೆಲ್ಲಗೆ. ಅವನ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು. "ಅವಳ ಮುಂದೆ ನಿಂತು ಹೇಳು. ಅವಳೂ ಕೇಳಿಸ್ಕೊಳ್ಳಲಿ."