ಏಳು ದಿನದ ರಜಾ

೧೯೬೧ರಲ್ಲಿ ಶಿಡ್ಲಘಟ್ಟದ ಓದುಕೂಟಕ್ಕೆ ಮೊದಲ ಸಲ ಹೋದಾಗ ನಾನು ಪುಸ್ತಕದ ಪುಟ ತಿರುವಿದ್ದು ಮಣಿಕಟ್ಟಿನಿಂದ. ರೇಷ್ಮೆಗೂಡು ಬೇಯುವ ನೀರಿನಲ್ಲಿ ದಿನವಿಡೀ ಎಳೆ ಹುಡುಕುವವಳ ಬೆರಳತುದಿ ಕಾಗದವನ್ನೂ ಸಹಿಸುವುದಿಲ್ಲ.

ಎದುರು ಕೂತವನು ನಕ್ಕ. "ಏನಮ್ಮ ಚಿಕ್ಕಮುನಿಯಮ್ಮ, ಪುಸ್ತಕ ಮುಟ್ಟಿದ್ರೆ ಮೈಲಿಗೆನಾ?"

"ನಿಮ್ಮ ಕಾರ್ಖಾನೆ ತೊಡಿಸಿರೋ ಉಂಗುರ ಸ್ವಾಮಿ, ಸವೆದು ಹೋಗಬಾರದಲ್ಲ," ಎಂದು ಬೊಬ್ಬೆ ತೋರಿಸಿದೆ.

ನಗು ನಿಂತಿತು. ಅವನು ನಮ್ಮ ಮಾಲೀಕ ಮುನಿವೆಂಕಟಪ್ಪನವರ ಮಗ, ರಾಮಾಂಜಿನಪ್ಪ. ಮರುವಾರದಿಂದ ಪುಟ ತಿರುವಿಕೊಡಲು ಪಕ್ಕದಲ್ಲೇ ಕೂರತೊಡಗಿದ. ಕೊನೆಯ ಸಾಲಿಗೆ ಬಂದಾಗ ನಾನು ಕಣ್ಣೆತ್ತಬೇಕು, ಅವನು ತಿರುವಬೇಕು. ಬೇಕೆಂತಲೇ ಅವನು ತಡ ಮಾಡುತ್ತಿದ್ದ. ಬೇಕೆಂತಲೇ ನಾನು ಬೇಗ ಓದುತ್ತಿದ್ದೆ.

ಕೂಟ ನಡೆಸುತ್ತಿದ್ದವರು ರೂತ್ ಸಿಸ್ಟರ್, ಬೊಂಬಾಯಿಯಿಂದ ಬಂದ ಯೆಹೂದಿ ನರ್ಸಮ್ಮ. ಕೊಂಕಣದಲ್ಲಿ ಅವರ ಹಿರಿಯರು ಎಣ್ಣೆಗಾಣದವರು. ಶನಿವಾರ ಗಾಣ ನಿಲ್ಲಿಸಿಬಿಡುತ್ತಿದ್ದರಂತೆ.

"ಪೂಜೆ ಮಾಡಕ್ಕಾ?" ನನ್ನ ಜೊತೆ ದುಡಿಯುವ ಅಕ್ಕಯಮ್ಮ ಕೇಳಿದಳು.

"ದಣಿವಾರಿಸಿಕೊಳ್ಳೋಕೂ ಹೌದು. ಏಳನೇ ದಿನ ನೀನೂ ದುಡೀಬೇಡ, ನಿನ್ನ ಆಳೂ ದುಡೀಬಾರದು, ಎತ್ತೂ ದುಡೀಬಾರದು. ನೀನೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಮರೀಬೇಡ ಅಂತ ನಮ್ಮ ತೋರಾ ಗ್ರಂಥ ಹೇಳುತ್ತೆ."

"ಎತ್ತಿಗೂ ರಜಾನಾ! ಮುಂದಿನ ಜನ್ಮಕ್ಕೆ ನಿಮ್ಮ ಕೊಟ್ಟಿಗೇಲೇ ಹುಟ್ತೀನಿ ಬಿಡಮ್ಮ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮಗೆ ಏಳೂ ದಿನ ಬಿಸಿನೀರು. ಬಿಡುವು ಕೇಳಿದರೆ, "ಗೂಡು ಕೊರೆದು ಹೊರಬರೋ ಚಿಟ್ಟೆ ನಿಮಗೋಸ್ಕರ ಕಾಯುತ್ತಾ?" ಎನ್ನುತ್ತಿದ್ದರು ಮಾಲೀಕರು. ಆಳಿಗೂ ರಜಾ ಕೊಡು ಎನ್ನುವ ದೇವರೊಬ್ಬನಿದ್ದಾನೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ವಾರಕ್ಕೊಂದು ದಿನ ಬಿಡುವು ಬೇಕೆಂದು ಅರ್ಜಿ ಬರೆದೆ. ನಾನು ಸಹಿ ಹಾಕಿದೆ. ಉಳಿದ ಇಪ್ಪತ್ತೆರಡು ಹೆಂಗಸರು ಹೆಬ್ಬೆಟ್ಟೊತ್ತಿದರು. ಯಾರ ಗುರುತಿನಲ್ಲೂ ಗೆರೆ ಮೂಡಲಿಲ್ಲ. ಬೆಂದ ಚರ್ಮದಲ್ಲಿ ಗೆರೆ ಎಲ್ಲಿಂದ ಬರಬೇಕು?

"ಕೋಲಾರದ ಲೇಬರ್ ಆಫೀಸಿಗೆ ನಾನೇ ಕೊಟ್ಟು ಬರ್ತೀನಿ," ಎಂದ ರಾಮಾಂಜಿನಪ್ಪ. "ಅಪ್ಪನ ಎದುರು ನಿಮ್ಮ ಜೊತೇಲೇ ನಿಲ್ತೀನಿ. ಆಣೆ ಮಾಡ್ಲಾ?"

"ಆಣೆ ಯಾಕೆ? ನಿಮ್ಮ ಕಣ್ಣು ಸಾಕು," ಎಂದು ಕಾಗದ ಕೊಟ್ಟೆ. ಅಷ್ಟು ಪೆದ್ದಿಯಾಗಿದ್ದೆ.

ಹದಿನೈದು ದಿನ ಕಾದೆವು. ಒಂದು ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯ ಹಿತ್ತಲಲ್ಲಿ ಮುದ್ದೆ ಉಂಡು ಕೈ ತೊಳೆಯುತ್ತಿದ್ದೆ. ಅವನು ಓಡಿ ಬಂದ. ಮುಖದ ತುಂಬಾ ಬೆಳಕು.

"ಅಪ್ಪ ಒಪ್ಪಿದ್ರು ಕಣೇ!"

"ರಜಾಕ್ಕಾ?"

"ಮದುವೆಗೆ!"

ಒಂದು ಗಳಿಗೆ ಸಂತೋಷವಾಯಿತು. ಅದನ್ನು ಬಚ್ಚಿಡುವುದಿಲ್ಲ. ಆಮೇಲೆ ಕೇಳಿದೆ, "ಅರ್ಜಿ?"

ಅವನ ಕಣ್ಣು ನೆಲಕ್ಕಿಳಿಯಿತು. "ಒಲೆಗೆ ಹಾಕ್ದೆ. ಆ ಷರತ್ತಿನ ಮೇಲೇ ಅಪ್ಪ ಒಪ್ಪಿದ್ದು. ನಿನಗ್ಯಾಕೆ ಯೋಚನೆ? ಇನ್ಮೇಲೆ ಏಳು ದಿನಾನೂ ರಜಾ."

"ಅಕ್ಕಯಮ್ಮಂಗೆ?"

"ಎಲ್ಲಾರನ್ನೂ ಮದುವೆ ಆಗಕ್ಕಾಗುತ್ತಾ?" ಎಂದು ನಕ್ಕ. ಅದೇ ನಗು. ಅದನ್ನು ನೋಡಲೆಂದೇ ನಾನು ಬೇಗ ಬೇಗ ಓದುತ್ತಿದ್ದದ್ದು.

"ಇಪ್ಪತ್ತೆರಡು ಜನರ ಕೈ ಬೇಯಿಸಿ ನನಗೆ ಅರಿಶಿನ ಹಚ್ತೀಯೇನೋ?"

"ನಿನಗೋಸ್ಕರ ಮಾಡಿದ್ದು ಚಿಕ್ಕಮುನಿ. ನನ್ ಮೇಲೆ ಪ್ರೀತಿ ಇಲ್ವಾ?"

"ಇದೆ. ಇಲ್ದಿದ್ರೆ ಇಷ್ಟೊತ್ತಿಗೆ ಕೆನ್ನೆಗೆ ಬಿದ್ದಿರೋದು."

ಒಳಗೆ ಹೋಗಿ, ಎಳೆ ಸುತ್ತುವ ಚರಕಗಳ ನಡುವೆ ನಿಂತು ಹೇಳಿದೆ: "ಅರ್ಜಿ ಕೋಲಾರ ಮುಟ್ಟಲಿಲ್ಲ. ಅವನ ಕೈಗೆ ಕೊಟ್ಟಿದ್ದು ನಾನು. ತಪ್ಪು ನಂದು."

ಅಕ್ಕಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಇನ್ನೊಂದು ಬರಿ. ಈ ಸಲ ಎಲ್ಲಾರೂ ಹೋಗಿ ಕೊಡಣ. ನಾಳೇನೇ."

"ನಾಳೆ ಕೆಲಸ?"

"ನಾಳೆ ಶನಿವಾರ," ಎಂದಳು.

ಬೆಳಗಿನ ಬಸ್ಸು ಹತ್ತಿದೆವು. ಅವನು ನಿಲ್ದಾಣದ ಮೂಲೆಯಲ್ಲಿ ನಿಂತಿದ್ದ. ನೋಡಬಾರದೆಂದುಕೊಂಡೆ, ನೋಡಿದೆ. ಚಿಂತಾಮಣಿ ದಾಟಿದರೂ ಕಣ್ಣೀರು ನಿಲ್ಲಲಿಲ್ಲ.

ಅಕ್ಕಯಮ್ಮ ನನ್ನ ತಲೆಯನ್ನು ತನ್ನ ಹೆಗಲಿಗೆಳೆದುಕೊಂಡಳು. "ಈಗ್ಲೇ ಅತ್ತು ಮುಗಿಸ್ಕೊಳೇ. ಕೋಲಾರದಾಗೆ ಮಾತಾಡೋಳು ನೀನೇ."