ಊಟದ ಸೈರನ್

ಬುಧವಾರ ಮಧ್ಯಾಹ್ನ ಎರಡೂವರೆಗೆ ಬಂಟ್ವಾಳ ಠಾಣೆಗೆ ಬಂದ ದೂರು ಟೈಪ್ ಆಗಿ, ಸೀಲು ಬಿದ್ದು ತಯಾರಾಗಿಯೇ ಬಂದಿತ್ತು. ಫರಂಗಿಪೇಟೆ ಹತ್ತಿರದ ಗ್ಯಾಸ್ ಸಿಲಿಂಡರ್ ತುಂಬಿಸುವ ಘಟಕದ ಮಾಲೀಕ ಸಂಪತ್‌ಕುಮಾರ ಕೊಟ್ಟದ್ದು. ಗ್ಯಾಸ್ ಸೋರುತ್ತಿರುವಾಗ ಕ್ಯಾಂಟೀನಿನ ಅಡುಗೆಯವಳು ರಾಜೀವಿ ಒಲೆ ಹಚ್ಚಿದ್ದಾಳೆ, ಬೆಂಕಿಯಲ್ಲಿ ಲೋಡರ್ ಹಸನಬ್ಬ ಸತ್ತಿದ್ದಾನೆ, ಅವಳ ಮೇಲೆ ಕ್ರಮ ಜರುಗಿಸಬೇಕು. ಹೆಣ ಇನ್ನೂ ಶವಾಗಾರ ಮುಟ್ಟಿರಲಿಲ್ಲ, ತಪ್ಪಿತಸ್ಥೆ ಮಾತ್ರ ಸಿಕ್ಕಿಯಾಗಿತ್ತು. ಇನ್ಸ್‌ಪೆಕ್ಟರ್ ಜತ್ತಪ್ಪನಿಗೆ ಮೈ ಉರಿಯಿತು. ಆದರೂ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಸಜ್ನಾಳನ್ನು ಕರೆದುಕೊಂಡು ಹೊರಟ.

ಪಂಚನಾಮೆ ನಡೆಯಿತು. ಘಟಕವಿದ್ದದ್ದು ಇಳಿಜಾರಿನಲ್ಲಿ. ಕ್ಯಾಂಟೀನು ಕೆಳಗೆ, ಗ್ಯಾಸ್ ಸೋರಿದರೆ ಎಲ್ಲರೂ ಓಡಿ ಸೇರಬೇಕಾದ ಗೇಟು ಮೇಲೆ. ಈ ಗ್ಯಾಸು ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ. ಹಸನಬ್ಬ ಬಿದ್ದದ್ದು ಕ್ಯಾಂಟೀನಿನ ಬಾಗಿಲಲ್ಲಿ, ಪಕ್ಕದಲ್ಲಿ ಅವನ ಸ್ಟೀಲಿನ ಬಟ್ಟಲು. ಅಪಾಯದ ಸೈರನ್ ಕೆಟ್ಟಿರಲಿಲ್ಲ. ಸೋರಿಕೆಯಾದ ಕೂಡಲೇ ತಾನಾಗಿಯೇ ಕೂಗಿತ್ತು, ಹೊಳೆಯಾಚೆಗೂ ಕೇಳಿತ್ತು. ಅದನ್ನು ಕೇಳಿಯೂ ಹಸನಬ್ಬ ಮೇಲೆ ಓಡದೆ ಕೆಳಗೆ ಯಾಕೆ ಇಳಿದ ಎಂಬುದು ಜತ್ತಪ್ಪನ ತಲೆಗೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ರಾಜೀವಿಯ ಎರಡೂ ಕೈಗೆ ಬ್ಯಾಂಡೇಜು. ಸಜ್ನಾ ಹೇಳಿಕೆ ಬರೆದುಕೊಳ್ಳಲು ಕೂತಳು.

“ಗ್ಯಾಸಿನ ವಾಸನೆ ಬರಲಿಲ್ವಾ?” ಜತ್ತಪ್ಪ ಕೇಳಿದ.

“ಅಲ್ಲಿ ದಿನಾ ವಾಸನೆ ಸರ್.”

“ಒಲೆ ಯಾಕೆ ಹಚ್ಚಿದ್ದು?”

“ಸೈರನ್ ಆಯ್ತಲ್ಲ. ಇವತ್ತು ಊಟಕ್ಕೆ ಬೇಗ ಬಿಟ್ರು ಅಂತ ಎಣಿಸಿದೆ. ಹಪ್ಪಳ ಕಾಯಿಸಿರಲಿಲ್ಲ.”

“ಊಟಕ್ಕೂ ಅದೇ ಸೈರನಾ?”

“ದಿನಾ ಅದೇ. ಬೇರೆ ಎಂತ ಉಂಟು?”

ಮೊದಲು ಬೇರೆ ಇತ್ತು. ಮರುದಿನ ಸ್ಟೋರಿನ ಮೂಲೆಯಲ್ಲಿ ಊಟದ ಬೆಲ್ ಸಿಕ್ಕಿತು; ವಯರು ಜೋಡಿಸಿದರೆ ಚೆನ್ನಾಗಿಯೇ ಬಡಿಯಿತು. ಸೈರನ್ ಕೂರಿಸಿದವರನ್ನು ಕರೆಸಿ ವಿಚಾರಿಸಿದಾಗ, ಬೇರೆ ಯಾವುದಕ್ಕೂ ಅದನ್ನು ಬಳಸಬೇಡಿ ಎಂದು ಮಾಲೀಕನಿಗೆ ಎದುರಿಗೇ ಹೇಳಿದ್ದೆವು ಎಂದರು.

ಜತ್ತಪ್ಪ ಬೆಲ್ ತಂದು ಸಂಪತ್‌ಕುಮಾರನ ಮೇಜಿನ ಮೇಲಿಟ್ಟ.

“ಇದನ್ನು ತೆಗೆಸಿದ್ದು ಯಾರು?”

“ನಾನೇ. ಇದರ ಶಬ್ದ ಗೇಟು ದಾಟುವುದಿಲ್ಲ.”

“ಯಾಕೆ ದಾಟಬೇಕು?”

ಸಂಪತ್‌ಕುಮಾರ ಬೆಲ್ಲನ್ನು ಮೇಜಿನ ಅಂಚಿಗೆ ಸರಿಸಿದ. ಆಮೇಲೆ ಬಾಯಿಬಿಟ್ಟ. ಇದೇ ಜಾಗದಲ್ಲಿ ಅವನ ಅಜ್ಜನ ಹೆಂಚಿನ ಕಾರ್ಖಾನೆಯಿತ್ತು. ಅದರ ಸೈರನ್ನಿನ ಕೂಗು ಕೇಳಿ ಪೇಟೆಗೆ ಪೇಟೆಯೇ ಊಟಕ್ಕೆ ಏಳುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಮನೆತನದ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಮಧ್ಯಾಹ್ನ ಸೈರನ್ ಕೂಗಿಸಿದ ಮೊದಲ ದಿನವೇ ಮುದುಕರೊಬ್ಬರು ಹುಡುಕಿಕೊಂಡು ಬಂದು, ಕೈ ಹಿಡಿದು ಅಜ್ಜನ ಹೆಸರು ಹೇಳಿದ್ದರಂತೆ. ಅವನ ಕಣ್ಣಲ್ಲಿ ನೀರಿತ್ತು. ಪಾಪ ಅನ್ನಲು ಜತ್ತಪ್ಪನಿಗೆ ಮನಸ್ಸು ಬರಲಿಲ್ಲ.

“ಎಲ್ಲ ಗೊತ್ತಿದ್ದೂ ರಾಜೀವಿಯ ಹೆಸರು ಬರೆದಿರಾ?”

“ಒಲೆ ಹಚ್ಚಿದ್ದು ಅವಳೇ ಅಲ್ಲವಾ?”

ಹನ್ನೆರಡೂಮುಕ್ಕಾಲಕ್ಕೆ ಅವನನ್ನು ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ಊಟದ ಹೊತ್ತು ಅದು, ಆದರೆ ಅಂದು ಯಾವ ಕೂಗೂ ಇರಲಿಲ್ಲ.

ಸಂಜೆ ಜತ್ತಪ್ಪ ಆಸ್ಪತ್ರೆಗೆ ಹೋಗಿ, ನಿಮ್ಮ ಮೇಲೆ ಕೇಸಿಲ್ಲ ಎಂದು ರಾಜೀವಿಗೆ ತಿಳಿಸಿದ. ಸೈರನ್ ಯಾತಕ್ಕಿತ್ತು ಎಂಬುದನ್ನೂ ಹೇಳಿದ. ಅವಳು ಬ್ಯಾಂಡೇಜಿನ ಕೈಗಳನ್ನೇ ನೋಡುತ್ತ ಕೂತಳು.

“ಅದು ಓಡ್ಲಿಕ್ಕೆ ಇದ್ದದ್ದು ಅಂತ ನಮಗೆ ಯಾರೂ ಹೇಳ್ಲಿಲ್ಲ ಸರ್,” ಅಂದಳು. “ಹಸನಬ್ಬ ಬಟ್ಟಲು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಒಳಗೆ ಬಂದು ಕೂತ್ಕೊಳ್ಳಿ, ಹಪ್ಪಳ ಈಗ ಆಗ್ತದೆ ಅಂತ ನಾನೇ ಕರೆದೆ.”